ಮನೆ ನೋಡಿ ಕೊಡುವ ಸೀಟು

ನಮ್ಮ ಕಡೆ ಹೊರಗಿನವರು ಯಾರಾದರೂ ಮೊದಲೇ ಹೇಳಿ ಕಳಿಸಿ, ದಿನ ಗೊತ್ತು ಮಾಡಿ, ಮನೆ ನೋಡಲು ಬರುತ್ತಾರೆ ಎಂದರೆ ಅದಕ್ಕೆ ಇದ್ದದ್ದು ಒಂದೇ ಅರ್ಥ: ಸಂಬಂಧ. ಹುಡುಗ ಹುಡುಗಿ ಹೇಗಿದ್ದಾರೆ ಎಂದು ಆಮೇಲೆ ನೋಡಿದರೂ ನಡೆಯುತ್ತದೆ, ಮೊದಲು ಮನೆ ನೋಡಬೇಕು. ಜಗಲಿ ಹೇಗಿದೆ, ಬಾವಿ ಇದೆಯೇ, ಕುಡಿಯಲು ಕೊಟ್ಟ ಲೋಟ ಎಂಥದ್ದು, ಎಲ್ಲವನ್ನೂ ಓರೆಗಣ್ಣಿನಲ್ಲಿ ನೋಡಿಕೊಂಡು ಹೋಗುತ್ತಾರೆ. ಹಾಗಾಗಿ ಅಂಥ ದಿನ ಒಂದು ಮನೆಯ ಮರ್ಯಾದೆ ಎಂದರೆ ಇಡೀ ಕೇರಿಯ ಮರ್ಯಾದೆ. ಯಾರ ಮನೆಯ ಕುರ್ಚಿ ಯಾರ ಜಗಲಿಗೂ ಹೋಗುತ್ತಿತ್ತು, ಯಾರ ಬಳೆ ಯಾರ ಕೈಗೂ ಏರುತ್ತಿತ್ತು. ಇದನ್ನು ಮೋಸ ಎಂದು ಯಾರೂ ಅಂದುಕೊಂಡಿರಲಿಲ್ಲ. ನೋಡಲು ಬಂದವರೂ ಅಂದುಕೊಳ್ಳುತ್ತಿರಲಿಲ್ಲ, ಅವರ ಮನೆಯಲ್ಲೂ ಹಾಗೇ ತಾನೇ ನಡೆಯುವುದು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾವು ಮಾಡಿದ್ದು ಬರೀ ಪೆದ್ದುತನ ಅನ್ನಿಸುತ್ತದೆ, ನನಗೆ ಸಿಟ್ಟು ಬರುತ್ತದೆ.

ನಾನು ಹತ್ತನೆಯ ತರಗತಿ ಮುಗಿಸಿದ್ದು ಎರಡು ಸಾವಿರದ ಒಂದರಲ್ಲಿ. ನಮ್ಮ ಮನೆ ಇದ್ದದ್ದು ಕುಂದಾಪುರದಿಂದ ಬೈಂದೂರಿಗೆ ಹೋಗುವ ದಾರಿಯಲ್ಲಿ, ಹೆದ್ದಾರಿಗೂ ಕಡಲಿಗೂ ನಡುವಿನ ಮರಳುಪಟ್ಟಿಯಲ್ಲಿ. ಅಮ್ಮ ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು, ಬಸ್ಸು ಹತ್ತಿ ಹಟ್ಟಿಯಂಗಡಿ, ಹಾಲಾಡಿ ಕಡೆ ಮನೆಮನೆಗೆ ಮಾರುತ್ತಿದ್ದಳು. ಅಪ್ಪ ಮುಂಬಯಿಯಲ್ಲಿ ಯಾವುದೋ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವಲ್ಲಿಂದ ಶುರು ಮಾಡಿ, ಇಪ್ಪತ್ತು ವರ್ಷದಲ್ಲಿ ಚಹಾ ಮಾಡುವಲ್ಲಿಗೆ ಬಂದು ಮುಟ್ಟಿದ್ದರು. ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು, ಕೆಲವು ವರ್ಷ ಅದೂ ಇಲ್ಲ.

ಸರ್ಕಾರಿ ಹೈಸ್ಕೂಲಿನಲ್ಲಿ ಹುಡುಗರನ್ನೆಲ್ಲ ಹಿಂದೆ ಹಾಕಿ ನಾನೇ ಮೊದಲು ಬಂದೆ. ಜಂಬಕ್ಕೆ ಹೇಳುವುದಲ್ಲ, ಆದರೆ ಎರಡನೆಯವನಿಗೂ ನನಗೂ ನಡುವೆ ಒಂದು ಗದ್ದೆ ಉಳುವಷ್ಟು ಜಾಗ ಇತ್ತು. ಬ್ರಹ್ಮಾವರದ ಕಡೆ ಒಂದು ಕಾಲೇಜು. ಹೆಸರು ಬೇಡ. ಅಲ್ಲಿ ಪಿಯುಸಿ ಸೈನ್ಸಿಗೆ ಸೀಟು ಸಿಕ್ಕಿದರೆ ಅರ್ಧ ಡಾಕ್ಟರೋ ಅರ್ಧ ಇಂಜಿನಿಯರೋ ಆದ ಹಾಗೆ ಎಂದು ಊರೆಲ್ಲ ಮಾತು. ಡೊನೇಶನ್ ಕೊಟ್ಟು ಸೇರುವವರ ಕಾರುಗಳು ಗೇಟಿನ ಹೊರಗೆ ಸಾಲಾಗಿ ನಿಲ್ಲುತ್ತಿದ್ದವಂತೆ. ಅದೇ ಕಾಲೇಜಿನಲ್ಲಿ ಬಡ ಮಕ್ಕಳಿಗೆ ಎಂದು ಫೀಸಿಲ್ಲದ ಸೀಟು ಇಟ್ಟಿದ್ದರು, ನಮ್ಮ ತಾಲೂಕಿನ ಪಾಲಿಗೆ ಒಂದು. ಜನ ಅದನ್ನು ಧರ್ಮದ ಸೀಟು ಎನ್ನುತ್ತಿದ್ದರು. ನಮ್ಮ ಹೆಡ್ ಮಾಸ್ಟ್ರು ನನ್ನನ್ನು ಕೇಳದೆಯೇ ಅರ್ಜಿ ತುಂಬಿ, ಫೋಟೋ ಅಂಟಿಸಿ, ಅಮ್ಮನ ಹೆಬ್ಬೆಟ್ಟು ಹಾಕಿಸಿ ಕಳಿಸಿದ್ದರು. ಅಂಕ ನೋಡಿ ನನ್ನ ಹೆಸರನ್ನು ಪಟ್ಟಿಯಲ್ಲಿ ಮೊದಲು ಬರೆದಿದ್ದಾರೆಂದೂ ಸುದ್ದಿ ಬಂತು. ಆಮೇಲೆ ಕಾರ್ಡು ಬಂತು: ಇಂಥ ಗುರುವಾರ ನಮ್ಮ ಸಂಸ್ಥೆಯಿಂದ ಇಬ್ಬರು ತಮ್ಮ ಮನೆ ನೋಡಲು ಬರುತ್ತಾರೆ.

ಕಾರ್ಡನ್ನು ಗಟ್ಟಿಯಾಗಿ ಓದಿದ್ದು ನಾನೇ. ಓದಿ ಮುಗಿಸುವಷ್ಟರಲ್ಲಿ ಆಚೆಮನೆಯ ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಆಗಿತ್ತು. ಅವರು ನಮಗೆ ನೆಂಟರೇನಲ್ಲ, ಆದರೆ ಕೇರಿಯ ಒಂಬತ್ತು ಹೆಣ್ಣುಮಕ್ಕಳ ಮದುವೆಗೆ ಮನೆ ತಯಾರು ಮಾಡಿಸಿದ್ದವರು. ಅವರ ಲೆಕ್ಕದಲ್ಲಿ ಇದು ಹತ್ತನೆಯದು.

ನಾನು ಒಮ್ಮೆ ಹೇಳಿದೆ, ಇದು ಬಡವರ ಸೀಟು ಅಲ್ಲವೇ ಎಂದು. ಒಮ್ಮೆ ಮಾತ್ರ. ದೊಡ್ಡಮ್ಮ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

"ಬಡವ್ರ್ ಅಂದ್ಹೇಳಿ ಬಂದವ್ರಿಗೆ ಹರ್ದ್ ಚಾಪೆ ಹಾಕುದಾ? ನಾಳೆ ನಿನ್ನ್ ಮದಿಗೆ ಇದೇ ಜನ ಮಾತಾಡ್ತ್ರ್ ಕಾಣ್."

ನಿಜ ಹೇಳಬೇಕೆಂದರೆ ನನಗೂ ಆ ಮಾತು ಸರಿ ಅನ್ನಿಸಿತು. ಮನೆ ನೋಡಿ ಹೆಣ್ಣು ಒಪ್ಪುತ್ತಾರೆ, ಮನೆ ನೋಡಿ ಗಂಡು ಒಪ್ಪುತ್ತಾರೆ. ಅಷ್ಟು ದೊಡ್ಡ ಕಾಲೇಜಿನವರು ಅಷ್ಟು ದೂರದಿಂದ ಬಂದು ಮನೆ ನೋಡುವುದು ಒಪ್ಪಲಿಕ್ಕೇ ತಾನೇ? ಮನೆ ಚೆನ್ನಾಗಿದ್ದಷ್ಟೂ ಒಳ್ಳೆಯದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಮ್ಮಂಥವರನ್ನು ನೋಡಿ ನಗುತ್ತಾರೆ, ನಗಲಿ. ಮಲ್ಲಿಗೆ ಇಲ್ಲದ ಜುಟ್ಟನ್ನು ಯಾರೂ ತಿರುಗಿ ನೋಡಿದ್ದನ್ನು ನಾವು ಕಂಡಿರಲಿಲ್ಲ.

ಎರಡು ದಿನ ಕೇರಿಗೆ ಕೇರಿಯೇ ನಮ್ಮ ಮನೆಯಲ್ಲಿ. ಅಮ್ಮ ಗೋಡೆಗೆ ಸುಣ್ಣ ಬಳಿದಳು. ಬೋಟಿನ ಸಾವುಕಾರರ ಮನೆಯಿಂದ ನಾಲ್ಕು ಕುಶನ್ ಕುರ್ಚಿ ಬಂದವು, ಜೊತೆಗೆ ಒಂದು ಟೀಪಾಯಿ. ಆಚೆಮನೆಯಿಂದ ಟೀವಿ ಬಂತು. ನಮ್ಮಲ್ಲಿ ಒಂದೇ ಪ್ಲಗ್ ಪಾಯಿಂಟು, ಅದೂ ಸತ್ತು ವರ್ಷವಾಗಿತ್ತು. ಟೀವಿಯ ಮೇಲೆ ಕ್ರೋಶಾದ ಬಟ್ಟೆ ಹಾಸಿ ಸುಮ್ಮನೆ ಇಟ್ಟೆವು. ಮಾಡು ಸೋರುವ ಜಾಗಕ್ಕೆ ಒಳಗಿನಿಂದ ಹೊಸ ಸೀರೆಯೊಂದನ್ನು ಮದುವೆಮನೆಯ ಹಾಗೆ ಕಟ್ಟಿದರು. ದೊಡ್ಡಮ್ಮನ ಸೊಸೆ ತನ್ನ ನಾಲ್ಕು ಬಳೆ ಕಳಚಿ ಅಮ್ಮನ ಕೈಗೆ ಹಾಕಿದಳು. ಸೋಪು ಹಚ್ಚಿ ತಿರುಗಿಸಿ ತಿರುಗಿಸಿ ಹಾಕಬೇಕಾಯಿತು, ಬುಟ್ಟಿ ಹೊತ್ತು ಹೊತ್ತು ಅಮ್ಮನ ಕೈ ಅಷ್ಟು ದಪ್ಪ.

ಗುರುವಾರ ಇಬ್ಬರು ಬಂದರು. ಒಬ್ಬರು ಉಪನ್ಯಾಸಕರು, ತೆಳ್ಳಗೆ, ಕನ್ನಡಕ, ಮಾತು ಕಡಿಮೆ. ಇನ್ನೊಬ್ಬರು ಕಾಲೇಜಿನ ಗುಮಾಸ್ತರು, ಕಂಕುಳಲ್ಲಿ ಫೈಲು. ಅವತ್ತು ಮಳೆಯೂ ನಮ್ಮ ಮರ್ಯಾದೆ ಕಾದಿತು, ಒಂದು ಹನಿ ಬೀಳಲಿಲ್ಲ. ಗೋಳಿಬಜೆ, ಸಜ್ಜಿಗೆ, ಬಾಳೆಹಣ್ಣು, ಕುಡಿಯಲು ಬೊಂಡದ ಎಳನೀರು. ಉಪನ್ಯಾಸಕರು ಬೇಡ ಬೇಡ ಎಂದಷ್ಟೂ ದೊಡ್ಡಮ್ಮ ಬಡಿಸಿದರು. ಅವರು ಒಂದು ಕಾಗದದಲ್ಲಿ ಏನೇನೋ ಗುರುತು ಹಾಕುತ್ತ ಹೋದರು. ಅವರು ಒಂದೊಂದು ಗುರುತು ಹಾಕಿದಾಗಲೂ ನಮಗೆ ಖುಷಿ.

ಕೊನೆಗೆ ನನ್ನನ್ನು ಕರೆದು ತಂದೆ ಏನು ಮಾಡುತ್ತಾರೆ ಎಂದು ಕೇಳಿದರು. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಇಪ್ಪತ್ತು ವರ್ಷ ಈ ಕತೆಯನ್ನು ಹೇಳುವಾಗೆಲ್ಲ ಈ ಜಾಗವನ್ನು ಹಾರಿಸಿಯೇ ಹೇಳಿದ್ದೇನೆ. ಕುರ್ಚಿ ತಂದದ್ದು ದೊಡ್ಡಮ್ಮ, ಬಳೆ ಹಾಕಿಕೊಂಡದ್ದು ಅಮ್ಮ. ಆದರೆ ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ನಾನು. ಯಾರೂ ಹೇಳಿಕೊಟ್ಟಿರಲಿಲ್ಲ. ಆ ಕುಶನ್ ಕುರ್ಚಿ, ಆ ಸುಣ್ಣ, ಆ ಟೀವಿಯ ನಡುವೆ ನಿಂತು ಕ್ಯಾಂಟೀನಿನಲ್ಲಿ ಚಹಾ ಮಾಡುತ್ತಾರೆ ಎನ್ನಲು ನಾಲಗೆ ಏಳಲಿಲ್ಲ. ಮುಂಬಯಿಯಲ್ಲಿ ನಮ್ಮದೇ ಹೋಟೆಲ್ ಇದೆ ಎಂದುಬಿಟ್ಟೆ. ಹಾಗೆ ಹೇಳಿದ್ದು ನನಗೆ ಬಹಳ ಹಿತವಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಅಮ್ಮ ನನ್ನ ಕಡೆ ತಿರುಗಿ ನೋಡಿದಳು. ಉಪನ್ಯಾಸಕರು ಪೆನ್ನಿಗೆ ಮುಚ್ಚಳ ಹಾಕಿದರು. ಅವರು ಹೋದ ಮೇಲೆ ದೊಡ್ಡಮ್ಮ ಕೈ ತೊಳೆದುಕೊಂಡು, ಒಪ್ಪಿಗೆಯೇ, ಮುಖ ಕಂಡರೆ ಗೊತ್ತಾಗುತ್ತದೆ ಎಂದರು.

ಆ ಭಾನುವಾರ ಹೆಡ್ ಮಾಸ್ಟ್ರು ಸೈಕಲಿನಲ್ಲಿ ನಮ್ಮ ಮನೆಗೇ ಬಂದರು. ಅಷ್ಟು ಹೊತ್ತಿಗೆ ಕುರ್ಚಿ, ಟೀವಿ ಎಲ್ಲ ವಾಪಸು ಹೋಗಿ, ಜಗಲಿಯಲ್ಲಿ ಎಂದಿನಂತೆ ಒಣಮೀನಿನ ಚೀಲ ಇತ್ತು. ಕಾಲೇಜಿಗೆ ಫೋನು ಮಾಡಿದ್ದರಂತೆ. ಕುಟುಂಬ ಅನುಕೂಲವಂತರದು, ಸೀಟು ಇವರಿಗೆ ಅಗತ್ಯವಿಲ್ಲ ಎಂದು ಬರೆದಿದ್ದಾರಂತೆ. ಮಾಸ್ಟ್ರು ನಿಂತು ನಮ್ಮ ಸೋರುವ ಮಾಡು, ಸಗಣಿ ನೆಲ ಎಲ್ಲವನ್ನೂ ನೋಡಿ, ಅನುಕೂಲವಂತರು ಯಾರು ಮಾರಾಯ್ತಿ ಎಂದು ಅಮ್ಮನನ್ನು ಕೇಳಿದರು. ಅಮ್ಮ ನಡೆದದ್ದನ್ನು ಹೇಳಿದಳು. ಅವರು ಹಣೆ ಹಣೆ ಚಚ್ಚಿಕೊಂಡರು. ಬೈಯಲಿಲ್ಲ. ತಪ್ಪು ನಂದು, ಕಾರ್ಡು ಬಂದಾಗ ನಾನೇ ಬಂದು ಇದು ಎಂತಕ್ಕೆಂದು ಬಿಡಿಸಿ ಹೇಳಬೇಕಿತ್ತು ಎಂದರು. ಇನ್ನು ಉಳಿದಿರುವುದು ಒಂದೇ ದಾರಿ, ನೀನೇ ಹೋಗಿ ಪ್ರಿನ್ಸಿಪಾಲರ ಎದುರು ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದು ಅಮ್ಮನಿಗೆ ಹೇಳಿ ಹೋದರು.

ಅಮ್ಮ ಆ ಇಡೀ ದಿನ ಮಾತಾಡಲಿಲ್ಲ. ನಾನು ಅವಳ ಪಾಲಿನ ಮಾತನ್ನೂ ಸೇರಿಸಿ ಆಡಿದೆ. ನಿಮ್ಮ ಒಣ ಮರ್ಯಾದೆಯಿಂದ ನನ್ನ ಜನ್ಮ ಹಾಳಾಯಿತು ಎಂದೆ. ಬುಟ್ಟಿ ಹೊರುವವಳಿಗೆ ಬಳೆ ಯಾಕೆ ಬೇಕಿತ್ತು ಎಂದೂ ಅಂದೆ. ಹೋಟೆಲಿನ ಮಾತು ಮಾತ್ರ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಸೋಮವಾರ ಅವಳು ಬುಟ್ಟಿ ಮೂಲೆಗಿಟ್ಟು ನನ್ನನ್ನು ಕರೆದುಕೊಂಡು ಹೊರಟಳು. ಕುಂದಾಪುರದಲ್ಲಿ ಬಸ್ಸು ಬದಲಿಸಿ ಬ್ರಹ್ಮಾವರದ ದಾರಿ. ಕತ್ತಿನಲ್ಲಿ ಕರಿಮಣಿ ಬಿಟ್ಟರೆ ಅವಳ ಮೈಮೇಲೆ ಏನೂ ಇರಲಿಲ್ಲ. ಸೀರೆ ಮಾತ್ರ ಒಳ್ಳೆಯದೇ ಉಟ್ಟಿದ್ದಳು. ಕೆಲಸದ ಸೀರೆ ಉಟ್ಟರೆ ಅವರಿಗೆ ಬೇಗ ಅರ್ಥವಾಗುತ್ತದೆ ಎಂದು ಹೆಡ್ ಮಾಸ್ಟ್ರು ಹೇಳಿದ್ದರೂ ಅವಳು ಒಪ್ಪಿರಲಿಲ್ಲ. ಮೀನಿನ ವಾಸನೆ ಹೊತ್ತುಕೊಂಡು ಕಾಲೇಜಿನೊಳಗೆ ಹೋಗುವುದಿಲ್ಲ ಎಂದಳು. ಇಲ್ಲಿಯೂ ನಿನ್ನ ಹಟ ಬಿಡುವುದಿಲ್ಲವಲ್ಲ ಎಂದು ನನಗೆ ಮೈ ಉರಿಯಿತು.

ಪ್ರಿನ್ಸಿಪಾಲರ ಕೋಣೆಯ ಹೊರಗೆ ತುಂಬ ಹೊತ್ತು ಕಾದೆವು. ನಮ್ಮ ಪಕ್ಕದಲ್ಲಿ ಒಬ್ಬ ಹುಡುಗ, ಅವನ ಅಪ್ಪ. ಹುಡುಗನ ಅಂಕ ನನಗಿಂತ ತುಂಬಾ ಕಡಿಮೆ. ಅವನೇ ನಗುತ್ತ ಹೇಳಿದ. ಅವರನ್ನು ಒಳಗೆ ಕರೆದರು, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ ಹೊರಗೆ ಬಂದರು. ಅವರ ಮನೆ ನೋಡಲು ಯಾರೂ ಹೋಗಿರಲಿಕ್ಕಿಲ್ಲ.

ಒಳಗೆ ಪ್ರಿನ್ಸಿಪಾಲರು ಇದ್ದರು, ಮನೆಗೆ ಬಂದಿದ್ದ ಉಪನ್ಯಾಸಕರೂ ಇದ್ದರು. ಗುಮಾಸ್ತರು ಗೋಡೆಯ ಪಕ್ಕ ಫೈಲು ಹಿಡಿದು ನಿಂತಿದ್ದರು. ಪ್ರಿನ್ಸಿಪಾಲರು ಕೂರಲು ಹೇಳಿದರು, ಅಮ್ಮ ಕೂರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳೋ ಏನೋ, ಒಂದೇ ಉಸಿರಿಗೆ ಹೇಳಿದಳು.

"ಕುರ್ಚಿ ನಮ್ದಲ್ಲ ಸಾರ್, ಬೋಟಿನ್ ಸಾವ್ಕಾರ್ರ್ ಮನಿದ್. ಟೀವಿ ಆಚಿಮನಿದ್. ಬಳಿ ಅವ್ರ್ ಸೊಸಿದ್. ಗೋಡಿಗೆ ಬಡ್ದ್ ಸುಣ್ಣ ಒಂದ್ ನಮ್ದ್."

ಗುಮಾಸ್ತರಿಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡರು. ಉಪನ್ಯಾಸಕರು ನಗಲಿಲ್ಲ. ಹಾಗಾದರೆ ಮುಂಬಯಿಯ ಹೋಟೆಲು ಎಂದು ಕೇಳಿದರು. ನನ್ನ ಕಡೆ ನೋಡಿಯೇ ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಅಮ್ಮ, ಹೋಟೆಲೂ ಸುಳ್ಳು, ಅವರು ಕ್ಯಾಂಟೀನಿನಲ್ಲಿ ಚಹಾ ಮಾಡುವವರು, ಮಗುವಿಗೆ ಹಾಗೆ ಹೇಳಲು ಹೇಳಿಕೊಟ್ಟವಳು ನಾನೇ ಎಂದಳು. ನಾನು ನೆಲ ನೋಡುತ್ತ ನಿಂತೆ. ಅಲ್ಲ ಎನ್ನಲು ಒಂದು ಕ್ಷಣ ಸಾಕಾಗಿತ್ತು, ಆ ಕ್ಷಣ ನನ್ನ ಎದುರಿಗೇ ಬಂದು ಹೋಯಿತು.

ಉಪನ್ಯಾಸಕರು ಕೆಟ್ಟವರೇನಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಕೇಳುತ್ತಿದ್ದರು. ಅವತ್ತೊಂದು ಹೇಳಿದಿರಿ, ಇವತ್ತೊಂದು ಹೇಳುತ್ತಿದ್ದೀರಿ, ಯಾವುದನ್ನು ನಂಬುವುದಮ್ಮ ಎಂದರು. ಸೀಟಿಗೋಸ್ಕರ ಜನ ಏನೇನು ಹೇಳುತ್ತಾರೆ ಎಂದು ನಮಗೂ ಗೊತ್ತು ಎಂದರು. ಅಮ್ಮನ ದನಿ ಏರಲಿಲ್ಲ.

"ಇದ್ದದ್ದನ್ನ್ ಇಲ್ಲೆ ಅಂದಿರೆ ಇನ್ನೊಬ್ರದ್ದ್ ತಿಂದಾಂಗ್ ಆತಿತ್ತ್. ನಾನ್ ಇಲ್ದಿದ್ದದ್ದನ್ನ್ ಇತ್ತ್ ಅಂದೆ. ಅದ್ರಿಂದ ಹೋದ್ದ್ ನನ್ನ್ ಮಗಳ್ ಸೀಟೇ ಅಲ್ದಾ ಸಾರ್?"

ಪ್ರಿನ್ಸಿಪಾಲರು ಫೈಲು ತರಿಸಿಕೊಂಡರು, ಪುಟ ಮಗುಚಿದರು. ಅಂಕದಲ್ಲಿ ನಾನೇ ಮೊದಲು, ಅದರಲ್ಲಿ ಎರಡು ಮಾತಿಲ್ಲ ಎಂದರು. ಆದರೆ ನಮ್ಮನ್ನು ಬಿಟ್ಟ ಮೇಲೆ ಸೀಟು ಪಟ್ಟಿಯಲ್ಲಿ ಎರಡನೆಯವಳಾಗಿದ್ದ ಹುಡುಗಿಗೆ ಹೋಗಿತ್ತು. ಕೆರಾಡಿಯ ಕಡೆಯವಳು, ಕಾಡಿನ ಅಂಚಿನ ಮನೆ. ಮೊನ್ನೆ ಶನಿವಾರ ಅವಳಿಗೆ ಹೇಳಿ ಕಳಿಸಿಯೂ ಆಗಿತ್ತು, ಸೇರುವುದು ಬುಧವಾರ. ನೀವು ಬರವಣಿಗೆಯಲ್ಲಿ ಕೊಟ್ಟರೆ ನಾನು ಅದನ್ನು ರದ್ದು ಮಾಡಿ ನಿಮ್ಮ ಮಗಳಿಗೆ ಕೊಡಬಹುದು, ನಿಯಮದ ಪ್ರಕಾರ ನಿಮ್ಮದೇ ಹಕ್ಕು ಎಂದರು.

ಆಯಿತು, ಸಿಕ್ಕಿತು, ಇನ್ನೇನು ಎಂದುಕೊಂಡೆ. ಬರೆಯಲು ನಾನಿದ್ದೆ, ಹೆಬ್ಬೆಟ್ಟು ಒತ್ತಲು ಅಮ್ಮ ಇದ್ದಳು. ಗುಮಾಸ್ತರು ಒಂದು ಬಿಳಿ ಹಾಳೆಯನ್ನು ಮೇಜಿನ ಮೇಲೆ ಇಟ್ಟೂ ಇಟ್ಟರು.

ಅಮ್ಮ ಹಾಳೆ ನೋಡಲಿಲ್ಲ. ಗುಮಾಸ್ತರನ್ನು ನೋಡಿ, "ಅವ್ರ್ ಮನಿಗೂ ಹೋಯಿದ್ರ್ಯಾ? ಹ್ಯಾಂಗಿತ್ತ್?" ಎಂದು ಕೇಳಿದಳು.

ಗುಮಾಸ್ತರು ಪ್ರಿನ್ಸಿಪಾಲರ ಮುಖ ನೋಡಿ, ಅವರು ಏನೂ ಹೇಳದ್ದನ್ನು ಕಂಡು, ಮೆಲ್ಲಗೆ ಹೇಳಿದರು. ಕೂರಲಿಕ್ಕೆ ಒಂದು ಮಣೆ ಇತ್ತಂತೆ. ಅದನ್ನು ಸಾರ್‌ಗೆ ಕೊಟ್ಟರಂತೆ. ತಾವು ನಿಂತಿದ್ದರಂತೆ. ಕುಡಿಯಲು ನೀರು, ಬೆಲ್ಲ. ಅವರಿಗೆ ಕುರ್ಚಿ ತರೋಣ ಎಂದರೂ ಅಕ್ಕಪಕ್ಕದಲ್ಲಿ ಮನೆ ಇಲ್ಲ.

ಅಮ್ಮ ಪ್ರಿನ್ಸಿಪಾಲರ ಕಡೆ ತಿರುಗಿದಳು. ನಾನು ಅವಳ ಸೆರಗು ಎಳೆದೆ. ಆಮೇಲೆ ಹೇಳಿದಳು.

"ಹಂಗಾರೆ ಬ್ಯಾಡ ಸಾರ್. ಹೇಳಿ ಆದ್ ಮೇಲೆ ಆ ಹೆಣ್ಣಿನ್ ಕೈಯಿಂದ ಕಸ್ಕಂಬುದ್ ಬ್ಯಾಡ."

ಪ್ರಿನ್ಸಿಪಾಲರು ಯೋಚನೆ ಮಾಡಿ ಹೇಳಿ ಎಂದರು. ಅಮ್ಮ ಕೈ ಮುಗಿದು ಆಗಲೇ ಬಾಗಿಲ ಹತ್ತಿರ ಹೋಗಿದ್ದಳು.

ವಾಪಸು ಬರುವ ಬಸ್ಸಿನಲ್ಲಿ ನಾನು ಅವಳ ಪಕ್ಕ ಕೂರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಅತ್ತೆ. ಮನೆಗೆ ಬಂದ ಮೇಲೆ ಕೇಳಿದೆ, ನನ್ನ ಅಂಕ, ನನ್ನ ಸೀಟು, ಅದನ್ನು ದಾನ ಮಾಡಲು ನೀನು ಯಾರು ಎಂದು. ಅವಳು ಕೊಟ್ಟ ಕಾರಣ ಅವಳ ವ್ಯಾಪಾರದ್ದು. ಒಂದು ಮನೆಗೆ ಈ ಮೀನು ನಿಮಗೆ ಎಂದು ಹೇಳಿ ಆದ ಮೇಲೆ, ದಾರಿಯಲ್ಲಿ ಇನ್ನೊಬ್ಬರು ಹೆಚ್ಚು ಕೊಡುತ್ತೇನೆಂದರೂ ಅದನ್ನು ಬುಟ್ಟಿಯಿಂದ ತೆಗೆಯಬಾರದು. ಹಾಲಾಡಿಯಲ್ಲಿ ಅವಳಿಗೆ ಖಾಯಂ ಮನೆಗಳಿದ್ದದ್ದೇ ಅದರಿಂದ. ನಾನು ಮೀನಲ್ಲ ಎಂದು ಕಿರುಚಿದೆ. ಅವಳು, ಗೊತ್ತಿತ್ತ್ ಮಗಾ ಎಂದಳು, ಅಷ್ಟೇ.

ಮುಂದಿನದು ವಿಶೇಷವೇನಿಲ್ಲ. ಸರ್ಕಾರಿ ಪಿಯು ಕಾಲೇಜು, ಆಮೇಲೆ ಬಿಎಸ್ಸಿ, ಬಿಎಡ್. ಪಿಯುಸಿಯಲ್ಲಿ ಒಂದು ವರ್ಷ ನಮಗೆ ಫಿಸಿಕ್ಸ್ ಉಪನ್ಯಾಸಕರೇ ಇರಲಿಲ್ಲ, ಗೈಡು ಓದಿ ಪಾಸಾದೆವು. ವೈದ್ಯಕೀಯಕ್ಕೆ ಬೇಕಾದ ರ್‍ಯಾಂಕು ನನಗೆ ಬರಲಿಲ್ಲ, ಹತ್ತಿರ ಹತ್ತಿರವೂ ಬರಲಿಲ್ಲ. ಆ ಕಾಲೇಜಿನಲ್ಲಿ ಓದಿದ್ದರೆ ಬರುತ್ತಿತ್ತೇ? ಗೊತ್ತಿಲ್ಲ. ಆದರೆ ವರ್ಷಗಟ್ಟಲೆ ಆ ಪ್ರಶ್ನೆಯ ಜೊತೆಗೇ ಎದ್ದಿದ್ದೇನೆ, ಅದರ ಜೊತೆಗೇ ಮಲಗಿದ್ದೇನೆ. ಕೆಲಸ ಸಿಕ್ಕಿ ಬೈಂದೂರಿನ ಕಡೆ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಹೇಳಿಕೊಡಲು ಶುರು ಮಾಡಿದೆ. ಕೆಲಸ ನನಗೆ ಇಷ್ಟವೇ. ಅದು ಬೇರೆ ಮಾತು.

ಜನರಿಗೆ ಈ ಕತೆ ಹೇಳಿದರೆ ನಿಮ್ಮ ಅಮ್ಮ ದೊಡ್ಡವರು ಎನ್ನುತ್ತಾರೆ. ಕಣ್ಣಲ್ಲಿ ನೀರು ತಂದುಕೊಂಡವರೂ ಇದ್ದಾರೆ. ನನಗೆ ಅದನ್ನು ಕೇಳಿದರೆ ಪಿತ್ತ ನೆತ್ತಿಗೇರುತ್ತದೆ. ಅಮ್ಮ ದೊಡ್ಡವಳೇ, ನಾನು ಇಲ್ಲ ಎನ್ನುವುದಿಲ್ಲ. ಆದರೆ ಆ ಕಟ್ಟಡದಲ್ಲಿ ಅವತ್ತು ಎಷ್ಟು ಬೆಂಚುಗಳಿದ್ದವು, ಎಷ್ಟು ಮಕ್ಕಳು ಬಂದು ಕೂರುವವರಿದ್ದರು. ನಮ್ಮ ಪಕ್ಕ ಕಾದು ಕೂತ ಆ ಹುಡುಗ ಹತ್ತು ನಿಮಿಷದಲ್ಲಿ ಸೀಟು ಹಿಡಿದು ಹೋದ. ಅವನನ್ನು ಯಾರೂ ಕರೆದು, ನಿನಗಿಂತ ಹೆಚ್ಚು ಅಂಕದ ಹುಡುಗಿಯೊಬ್ಬಳು ಹೊರಗಿದ್ದಾಳೆ, ಏನು ಮಾಡೋಣ ಹೇಳು ಎಂದು ಕೇಳಲಿಲ್ಲ. ಆ ಪ್ರಶ್ನೆ ಬಂದದ್ದು ಮೀನು ಮಾರುವವಳ ಎದುರಿಗೆ. ಎರಡು ಬಡ ಹುಡುಗಿಯರ ನಡುವೆ ಒಂದೇ ಒಂದು ಸೀಟು ಇಟ್ಟು, ನ್ಯಾಯ ನೀನೇ ಹೇಳು ಎಂದು ಅವಳಿಗೇ ಬಿಟ್ಟರು. ಅವಳು ಹೇಳಿದಳು. ಉಳಿದವರು ಯಾರೂ ಏನೂ ಹೇಳಬೇಕಾಗಿ ಬರಲಿಲ್ಲ.

ಟೀಚರ್ ಆದ ಮೇಲೆ ನಾನು ಇದರ ಇನ್ನೊಂದು ಮುಖವನ್ನೂ ನೋಡಿದ್ದೇನೆ. ಧರ್ಮದ ಸೀಟಿಗೆ ಅರ್ಜಿ ಹಾಕುವುದು ಹೇಗೆ ಎಂದು ಈಗ ಎಲ್ಲರಿಗೂ ಗೊತ್ತು. ಮನೆ ನೋಡುವವರು ಬರುವ ದಿನ ಬೈಕನ್ನು ನೆಂಟರ ಮನೆಯಲ್ಲಿ ಇಟ್ಟು ಬಂದವರನ್ನು ಕಂಡಿದ್ದೇನೆ. ಫ್ರಿಜ್ಜಿನ ಮೇಲೆ ಹಳೆಯ ಕಂಬಳಿ ಹೊದಿಸಿ, ಅದರ ಮೇಲೆ ಅಕ್ಕಿ ಚೀಲ ಇಟ್ಟವರನ್ನು ಕಂಡಿದ್ದೇನೆ. ಆದಾಯ ಪ್ರಮಾಣಪತ್ರ ಅಂತೂ ಕೇಳುವುದೇ ಬೇಡ. ಅವರನ್ನು ಬೈಯಲು ಹೊರಟಾಗೆಲ್ಲ ನನಗೆ ನನ್ನ ಹೋಟೆಲು ನೆನಪಾಗಿ ಬಾಯಿ ಕಟ್ಟುತ್ತದೆ. ಮನೆ ನೋಡಿ ಸೀಟು ಕೊಡುತ್ತೇವೆ ಎಂದರೆ ಜನ ಮನೆಯನ್ನು ತೋರಿಸಬೇಕಾದ ಹಾಗೆ ತೋರಿಸುತ್ತಾರೆ. ನಮಗೆ ಹೇಗೆ ತೋರಿಸಬೇಕೆಂದು ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಹನ್ನೆರಡು ವರ್ಷ ಕಳೆದ ಮೇಲೆ, ಒಂದು ಜೂನ್ ತಿಂಗಳು, ನನ್ನ ಶಾಲೆಯ ಒಬ್ಬ ವಿದ್ಯಾರ್ಥಿನಿಯ ಅರ್ಜಿ ಹಿಡಿದು ನಾನೇ ಆ ಕಾಲೇಜಿಗೆ ಹೋದೆ. ಕಟ್ಟಡ ಎರಡು ಮಹಡಿ ಏರಿತ್ತು. ಆಫೀಸಿನಲ್ಲಿ ಅದೇ ಗುಮಾಸ್ತರು, ತಲೆ ಪೂರ್ತಿ ಬೆಳ್ಳಗಾಗಿತ್ತು, ನಿವೃತ್ತಿಗೆ ಇನ್ನು ಕೆಲವೇ ತಿಂಗಳು. ನಾನು ಊರ ಹೆಸರು ಹೇಳಿದ್ದೇ ತಲೆ ಎತ್ತಿ ನೋಡಿ, ಗೋಡೆಗೆ ಬಡಿದ ಸುಣ್ಣ ಒಂದು ನಮ್ಮದು ಎಂದಿದ್ದ ಅಮ್ಮನ ಮಗಳಲ್ಲವೇ ಎಂದರು. ಅಷ್ಟು ವರ್ಷ ಆ ಮಾತನ್ನು ಅವರು ನೆನಪಿಟ್ಟುಕೊಂಡಿದ್ದರು. ಚಹಾ ತರಿಸಿದರು.

ಆ ಸೀಟು ಏನಾಯಿತು ಎಂದು ನಾನು ಕೇಳಿದೆ. ಕೇಳಲೇಬೇಕಿತ್ತು. ನನ್ನ ಮನಸ್ಸಿನಲ್ಲಿ ಅಷ್ಟು ವರ್ಷವೂ ಆ ಸೀಟಿನಲ್ಲಿ ಕೂತವಳು ಬಿಳಿ ಕೋಟು ಹಾಕಿಕೊಂಡು ಓಡಾಡುತ್ತಿದ್ದಳು.

ಅವರು ಚಹಾದ ಲೋಟ ಕೆಳಗಿಟ್ಟರು. ಅವಳು ದೀಪಾವಳಿಗಿಂತ ಮೊದಲೇ ಬಿಟ್ಟು ಹೋದಳಂತೆ. ಫೀಸು ಇರಲಿಲ್ಲ, ನಿಜ. ಆದರೆ ಇಲ್ಲಿ ನಿಜವಾದ ಪಾಠ ಆಗುವುದು ಬೆಳಿಗ್ಗೆ ಏಳರ ಸ್ಪೆಷಲ್ ಕ್ಲಾಸಿನಲ್ಲಿ. ಅದು ಧರ್ಮದ ಸೀಟಿಗೆ ಸೇರಿರಲಿಲ್ಲ, ಅದಕ್ಕೆ ಬೇರೆಯೇ ಫೀಸು. ಹಾಸ್ಟೆಲೂ ಸೇರಿರಲಿಲ್ಲ. ಕೆರಾಡಿಯಿಂದ ಮೊದಲ ಬಸ್ಸು ಹಿಡಿದರೂ ಅವಳು ಬಂದು ಮುಟ್ಟುವಾಗ ಎರಡನೆಯ ಪೀರಿಯಡ್ ನಡೆಯುತ್ತಿರುತ್ತಿತ್ತು. ಮೂರು ನಾಲ್ಕು ತಿಂಗಳು ಹಾಗೇ ಬಂದಳು, ಆಮೇಲೆ ಬರಲಿಲ್ಲ. ಪಿಯುಸಿಯ ಎರಡು ವರ್ಷ ಮುಗಿಯುವವರೆಗೂ ಆ ಸೀಟು ಖಾಲಿಯೇ ಇತ್ತು.

ನಾನು ಹೆದ್ದಾರಿಯ ಬದಿಯವಳು. ಬೆಳಿಗ್ಗೆ ಆರಕ್ಕೆ ಮೊದಲೇ ಎಷ್ಟು ಬೇಕಾದರೂ ಬಸ್ಸು ಇತ್ತು ನನಗೆ. ಸ್ಪೆಷಲ್ ಕ್ಲಾಸಿನ ಫೀಸಿಗೂ ಏನಾದರೂ ದಾರಿ ಆಗುತ್ತಿತ್ತು. ಖಾಲಿಯಾದಾಗ ನನ್ನನ್ನು ಯಾಕೆ ಕರೆಯಲಿಲ್ಲ ಎಂದು ಕೇಳಿದೆ. ಆಫೀಸಿನಲ್ಲಿ ಇದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೇಳಿದೆ. ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ, ತಾಯಿ ಬೇಡ ಎಂದಿದ್ದಾರೆ ಎಂದು ಬರೆದಿತ್ತು ಎಂದ ಅವರು, ನಾನೇ ಬರೆದದ್ದು ಎಂದೂ ಸೇರಿಸಿದರು.

ಅರ್ಜಿ ಕೊಟ್ಟು ಹೊರಗೆ ಬಂದೆ. ಹೇಗೆ ಬಸ್ಸು ಹತ್ತಿದೆನೋ ಗೊತ್ತಿಲ್ಲ. ದಾರಿಯುದ್ದಕ್ಕೂ ಅಮ್ಮನಿಗೆ ಏನು ಹೇಳಬೇಕೆಂದು ಒಂದೊಂದೇ ಮಾತು ಜೋಡಿಸಿದೆ. ಕೊನೆಗೂ ನನ್ನ ಮಾತೇ ಗೆದ್ದಿತ್ತಲ್ಲ. ಅವಳು ಕೊಟ್ಟದ್ದು ಯಾರಿಗೂ ದಕ್ಕಿರಲಿಲ್ಲ, ನನ್ನದೂ ಹೋಯಿತು, ಆ ಹುಡುಗಿಯದೂ ಹೋಯಿತು. ಇದನ್ನು ಹೇಳಿಯೇ ತೀರಬೇಕು ಎಂದು ನಿಶ್ಚಯ ಮಾಡಿದ್ದೆ.

ಅಮ್ಮ ಮೊಣಕಾಲಿನ ನೋವಿನಿಂದ ವ್ಯಾಪಾರ ಬಿಟ್ಟು ಎರಡು ವರ್ಷವಾಗಿತ್ತು. ಜಗಲಿಯಲ್ಲಿ ಕಾಲು ನೀಡಿ ಕೂತು, ಮೊರದಲ್ಲಿ ಒಣ ಸೀಗಡಿ ಹಾಕಿಕೊಂಡು ತಲೆ ಮುರಿಯುತ್ತಿದ್ದಳು. ನಾನು ಚಪ್ಪಲಿಯನ್ನೂ ಬಿಚ್ಚದೆ ನಿಂತು ಎಲ್ಲವನ್ನೂ ಹೇಳಿದೆ. ಸ್ಪೆಷಲ್ ಕ್ಲಾಸು, ಬಸ್ಸು, ಎರಡು ವರ್ಷ ಖಾಲಿ ಇದ್ದ ಸೀಟು, ನನ್ನ ಹೆಸರಿನ ಮುಂದೆ ಬರೆದ ಬೇಡ. ಒಂದನ್ನೂ ಬಿಡಲಿಲ್ಲ. ಅವಳ ಕೈ ನಿಂತಿತು. ಈಗ ಅಳುತ್ತಾಳೆ, ಇಲ್ಲವೇ ತಪ್ಪಾಯಿತು ಎನ್ನುತ್ತಾಳೆ ಎಂದು ಕಾದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು.

"ಆ ಹೆಣ್ಣ್ ಈಗ ಎಲ್ಲಿತ್ತ್?"

ಗೊತ್ತಿಲ್ಲ ಎಂದೆ.

"ಕೇಂಡಿಲ್ಯಾ?"

ಕೇಳಿರಲಿಲ್ಲ. ಸೀಟು ಏನಾಯಿತು ಎಂದಷ್ಟೇ ಕೇಳಿದ್ದೆ. ದಿನಾ ಬೆಳಿಗ್ಗೆ ಶಾಲೆಯಲ್ಲಿ ಯಾರು ಬಂದಿದ್ದಾರೆ, ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಎಂದು ಕೇಳುವುದೇ ನನ್ನ ಕೆಲಸ. ಹನ್ನೆರಡು ವರ್ಷದಲ್ಲಿ ಅವಳ ಹೆಸರನ್ನೂ ನಾನು ಯಾರ ಬಳಿಯೂ ಕೇಳಿರಲಿಲ್ಲ.